ಒಳಗಿನ ಚಪ್ಪಲಿ

ನನ್ನ ಮೊಬೈಲಿನಲ್ಲಿ ನನ್ನ ಗಂಡನ ಕಾಲಿನ ಫೋಟೋಗಳು ನಾನೂರ ಹನ್ನೊಂದು ಇವೆ. ಮುಖದ ಫೋಟೋ ನಾಲ್ಕೇ ನಾಲ್ಕು. ಅದರಲ್ಲೂ ಒಂದು ರೇಷನ್ ಕಾರ್ಡಿಗೆ ತೆಗೆದದ್ದು.

ಕಾಲಿನ ಫೋಟೋಗಳನ್ನು ಒಂದಾದ ಮೇಲೊಂದು ನೋಡುತ್ತಾ ಹೋದರೆ ಹೆಬ್ಬೆರಳು ಮೊದಲು ಬೆಳ್ಳಗೆ ನೆನೆದಿರುತ್ತದೆ. ಆಮೇಲೆ ಕಪ್ಪಾಗುತ್ತದೆ. ಆಮೇಲೆ ಇರುವುದಿಲ್ಲ. ಅದರ ಪಕ್ಕದ ಬೆರಳೂ ಇರುವುದಿಲ್ಲ. ಅಳಿಸಿಹಾಕು ಎಂದು ಮಗಳು ವೀಕ್ಷಾ ಹೇಳುತ್ತಾಳೆ. ನಾನು ಅಳಿಸಿಲ್ಲ. ನೋಡಿದಾಗಲೆಲ್ಲ ಮೂಗಿಗೆ ಕೀವಿನ ನಾತ ಬರುತ್ತದೆ. ಬರಲಿ. ಮರೆತು ಆರಾಮಾಗಿ ಕೂತುಕೊಳ್ಳುವುದಕ್ಕಿಂತ ಅದು ಮೇಲು.

ನಾನು ರತ್ನಾವತಿ. ಗಂಡ ಸಂಜೀವ. ಉಡುಪಿ ಕಡೆಯವರು. ಊರಿನಲ್ಲಿ ನಮ್ಮದು ಧಣಿಗಳ ಅಂಗಳದ ಆಚೆಗೇ ನಿಲ್ಲಬೇಕಾದ ಜಾತಿ. ಮದ್ರಾಸಿನಲ್ಲಿ ಯಾರು ಯಾರನ್ನು ಕೇಳುತ್ತಾರೆ ಅಂದುಕೊಂಡು ಹತ್ತೊಂಬತ್ತು ವರ್ಷದ ಹಿಂದೆ ಬಸ್ಸು ಹತ್ತಿದೆವು. ಕೇಳುವವರು ಅದೇ ಊರಿನಿಂದ ನಮಗಿಂತ ಮೊದಲೇ ಬಂದು ಕೂತಿದ್ದರು. ಅಡ್ಯಾರಿನಲ್ಲಿ ಹೋಟೆಲ್ ಇಟ್ಟಿದ್ದ ಸುಬ್ರಾಯ ನಮ್ಮೂರಿನವನೇ. ಹೋಟೆಲಿಗೆ ದೇವರ ಹೆಸರಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ದೇವರೇನು ತಪ್ಪು ಮಾಡಿದ. ಆಗ ಅವನನ್ನು ಧಣಿ ಎಂದು ಕರೆಯುತ್ತಿದ್ದೆ. ಈಗ ಸುಬ್ರಾಯ ಎನ್ನುತ್ತೇನೆ. ಮರ್ಯಾದೆ ಕೊಟ್ಟು ಮಾತಾಡಬೇಕಾದವರು ನನ್ನ ಮನೆಯಲ್ಲೇ ಒಬ್ಬರಿದ್ದಾರೆ.

ಇವರಿಗೆ ಪಾತ್ರೆ ತೊಳೆಯುವ ಕೆಲಸ. ನನಗೆ ಹಿಂದಿನ ಜಗಲಿಯಲ್ಲಿ ತರಕಾರಿ ಹೆಚ್ಚುವ ಕೆಲಸ. ಮಲಗುವುದಕ್ಕೆ ಜಗಲಿಯ ಪಕ್ಕ ತಗಡು ಹೊದಿಸಿದ ಒಂದು ಕೋಣೆ. ಕೆಲಸ ಹೋದರೆ ಕೋಣೆಯೂ ಹೋಯಿತು. ಅದನ್ನು ನಮಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಪಾತ್ರೆ ತೊಳೆಯುವ ಜಾಗ ಅಡುಗೆಕೋಣೆಯ ಹಿಂದೆ, ಎರಡು ಮೆಟ್ಟಿಲು ಕೆಳಗೆ. ನಾವು ಅದನ್ನು ಮೋರಿ ಎನ್ನುತ್ತಿದ್ದೆವು. ಕಟ್ಟುವಾಗಲೇ ನೆಲದ ಇಳಿಜಾರು ತಪ್ಪಿದೆ. ನೀರು ಹೋಗುವ ತೂತು ಎತ್ತರದಲ್ಲಿ, ನಿಲ್ಲುವ ಮನುಷ್ಯ ತಗ್ಗಿನಲ್ಲಿ. ಬೆಳಿಗ್ಗೆ ಐದಕ್ಕೆ ನಲ್ಲಿ ತಿರುಗಿಸಿದರೆ ಏಳು ಗಂಟೆಗೆಲ್ಲ ನೀರು ಕಾಲಗಂಟಿಗೆ ಬರುತ್ತದೆ. ಬರೀ ನೀರಲ್ಲ ಅದು. ಯಾರೋ ಅಗಿದು ಉಗಿದ ನುಗ್ಗೆಕಾಯಿ, ಸಾಂಬಾರಿನ ಜಿಡ್ಡು, ಹುಳಿ ಹಿಡಿದ ಚಟ್ನಿ, ಮೂಗೊರೆಸಿದ ಪೇಪರು. ಅದರಲ್ಲಿ ಬರಿಗಾಲಿನಲ್ಲಿ ಮಧ್ಯಾಹ್ನ ಮೂರರವರೆಗೆ ಇವರು ನಿಲ್ಲಬೇಕು. ಸಂಜೆ ಮತ್ತೆ ಐದು ಗಂಟೆ ಹೊತ್ತು. ಇಳಿಜಾರು ಸರಿ ಮಾಡಿಸಿ ಎಂದು ಹತ್ತೊಂಬತ್ತು ವರ್ಷ ಕೇಳಿದ್ದೇವೆ. ಅಷ್ಟರಲ್ಲಿ ಊಟದ ಹಾಲಿನ ಟೈಲ್ಸು ಮೂರು ಸಲ ಬದಲಾಯಿತು.

ಬರಿಗಾಲು ಯಾಕೆಂದರೆ, ಅಡುಗೆಕೋಣೆಯ ಮೂಲೆಯಲ್ಲಿ ದೇವರ ದೀಪ ಉರಿಯುತ್ತದೆ. ಆದ್ದರಿಂದ ಹಿಂಬಾಗಿಲಿನಲ್ಲಿ ಒಂದು ಹಳದಿ ಗೆರೆ ಬಳಿದಿದ್ದಾರೆ. ಚಪ್ಪಲಿ ಅದರ ಆಚೆಗೆ. ಗೆರೆಯ ಈಚೆಗಿರುವುದೆಲ್ಲ ಅಡುಗೆಮನೆ, ಮೋರಿಯೂ ಅಡುಗೆಮನೆ.

ಆದರೆ ನಾವು ಅಡುಗೆಕೋಣೆಯ ಒಳಗೆ ಕಾಲಿಡುವ ಹಾಗಿಲ್ಲ. ಗೋಡೆಯಲ್ಲಿ ಒಂದು ಕಿಂಡಿ ಉಂಟು. ಮುಸುರೆ ಪಾತ್ರೆಯನ್ನು ಅಡುಗೆಯ ಭಟ್ಟರು ಅದರಲ್ಲಿ ಇಡುತ್ತಾರೆ, ಇವರು ಎತ್ತಿಕೊಳ್ಳುತ್ತಾರೆ. ತೊಳೆದದ್ದನ್ನು ಇವರು ಇಡುತ್ತಾರೆ, ಅವರು ಅದರ ಮೇಲೆ ಒಂದು ಲೋಟ ನೀರು ಚಿಮುಕಿಸಿ ಒಳಗೆ ಎಳೆದುಕೊಳ್ಳುತ್ತಾರೆ. ನಾನು ಹೆಚ್ಚಿದ ತರಕಾರಿಗೆ ಆ ನೀರು ಇಲ್ಲ, ಅದು ಹೇಗೂ ಬೇಯುತ್ತದಲ್ಲ. ಅಂದರೆ ಚಪ್ಪಲಿ ಬಿಡುವ ಲೆಕ್ಕಕ್ಕೆ ಮೋರಿ ಅಡುಗೆಮನೆಯ ಒಳಗೆ. ನಾವು ಮುಟ್ಟುವ ಲೆಕ್ಕಕ್ಕೆ ಅಡುಗೆಮನೆಯ ಹೊರಗೆ. ಹತ್ತೊಂಬತ್ತು ವರ್ಷ ನಾನು ಇದನ್ನು ನುಂಗಿಕೊಂಡೇ ಬದನೆಕಾಯಿ ಹೆಚ್ಚಿದೆ.

ಇವರಿಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಪಾದ ಜೋಮು ಹಿಡಿದು ಮೂರು ವರ್ಷ. ಬಿಸಿನೀರು ಬಿದ್ದರೆ ಗೊತ್ತಾಗುವುದಿಲ್ಲ, ಗಾಜು ಚುಚ್ಚಿದರೆ ಗೊತ್ತಾಗುವುದಿಲ್ಲ. "ಕಾಲು ಇದ್ದ ಹಾಗೇ ಇಲ್ಲ ಮಾರಾಯ್ತಿ" ಎಂದು ನಗುತ್ತಿದ್ದರು. ಇವರಿಗೆ ಎಲ್ಲದಕ್ಕೂ ಒಂದು ನಗು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಸಕ್ಕರೆ ಕಾಯಿಲೆ ಸುಬ್ರಾಯನಿಗೂ ಉಂಟು. ಅವನಿಗೆ ಡಾಕ್ಟರು ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬೇಡಿ ಎಂದಿದ್ದಾರಂತೆ. ಮೆತ್ತನೆಯ ರಬ್ಬರಿನ, ಬೆಲ್ಟು ಇರುವ ಎರಡು ಜೊತೆ ಚಪ್ಪಲಿ ತರಿಸಿಕೊಂಡ. ಒಂದು ಬೀದಿಗೆ. ಇನ್ನೊಂದು ಒಳಗಿನದ್ದು. ಒಳಗಿನ ಚಪ್ಪಲಿ ಹಾಕಿಕೊಂಡು ಅಡುಗೆಕೋಣೆಯ ಉದ್ದಕ್ಕೂ ಓಡಾಡುತ್ತಿದ್ದ, ದೀಪಕ್ಕೆ ಎಣ್ಣೆ ಹಾಕುತ್ತಿದ್ದ. "ಇದು ಹೊರಗೆ ಹೋದದ್ದೇ ಇಲ್ಲ, ಇದಕ್ಕೆ ಮೈಲಿಗೆ ಇಲ್ಲ" ಎಂದು ಭಟ್ಟರಿಗೆ ಹೇಳಿದ್ದನ್ನು ಕಿಂಡಿಯಿಂದ ನಾನೇ ಕೇಳಿದ್ದೇನೆ.

ಆಷಾಢದಲ್ಲಿ ಆ್ಯಪ್ ಬಂತು. ತಂದವಳು ಸುಬ್ರಾಯನ ಸೊಸೆ ಪ್ರಣಮ್ಯಾ. ಅವಳ ಕಂಪನಿಯಲ್ಲಿ ಸಕ್ಕರೆ ಕಾಯಿಲೆಯವರ ಕಾಲು ನೋಡುವ ಆ್ಯಪ್ ಮಾಡುತ್ತಾರೆ. ಒಳ್ಳೆಯ ಹುಡುಗಿ. ನಗುಮುಖ. ಯಾರನ್ನೂ ಏಕವಚನದಲ್ಲಿ ಮಾತಾಡಿಸುವುದಿಲ್ಲ. ಜಗಲಿಗೆ ಬಂದು, ತರಕಾರಿ ಸಿಪ್ಪೆಯ ಮಧ್ಯೆ ಸ್ಟೂಲು ಹಾಕಿ ಕೂತು, ನನ್ನ ಮೊಬೈಲಿಗೆ ಅದನ್ನು ಹಾಕಿಕೊಟ್ಟಳು. ಇವರದ್ದು ಬಟನ್ನಿನ ಫೋನು, ಅದರಲ್ಲಿ ಆಗುವುದಿಲ್ಲ.

"ತುಂಬಾ ಸಿಂಪಲ್ ರತ್ನಕ್ಕ. ದಿನಾ ಮೂರು ಫೋಟೋ. ಪಾದದ ಅಡಿ, ಮೇಲೆ, ಬೆರಳಿನ ಸಂದಿ. ಹಸಿರು ಬಂದ್ರೆ ಏನೂ ತೊಂದ್ರೆ ಇಲ್ಲ. ಹಳದಿ ಬಂದ್ರೆ ಮಾರನೇ ದಿನ ಮತ್ತೆ ತೆಗೀಬೇಕು. ಕೆಂಪು ಬಂದ್ರೆ ಕೂಡ್ಲೇ ಡಾಕ್ಟ್ರು. ಸಂಜೀವಣ್ಣ, ಹೆದರಬೇಡಿ, ಆಯ್ತಾ?"

"ಹೆದರ್ಲಿಕ್ಕೆ ಎಂತ ಉಂಟು ಅಮ್ಮ" ಎಂದು ಇವರು ನಕ್ಕರು.

ಆ್ಯಪ್ ಮೊದಲ ದಿನ ಹದಿನಾಲ್ಕು ಪ್ರಶ್ನೆ ಕೇಳಿತು. ಬೀಡಿ ಸೇದುತ್ತೀರಾ? ಕುಡಿಯುತ್ತೀರಾ? ಉಗುರು ನೇರವಾಗಿ ಕತ್ತರಿಸುತ್ತೀರಾ? ಬರಿಗಾಲಿನಲ್ಲಿ ನಡೆಯುತ್ತೀರಾ? ಕೊನೆಯದಕ್ಕೆ ಹೌದು ಎಂದು ಒತ್ತಿದೆ. "ದಯವಿಟ್ಟು ಈ ಅಭ್ಯಾಸವನ್ನು ಬದಲಿಸಿಕೊಳ್ಳಿ" ಎಂದಿತು. ಅಭ್ಯಾಸವಂತೆ. ಕಾಲು ಎಲ್ಲಿ ನಿಂತಿರುತ್ತದೆ ಎಂಬ ಪ್ರಶ್ನೆ ಹದಿನಾಲ್ಕರಲ್ಲಿ ಇರಲಿಲ್ಲ.

ದಿನಾ ಹನ್ನೊಂದು ಗಂಟೆಗೆ ಅದು ಮಾತಾಡುತ್ತಿತ್ತು. ರೇಡಿಯೋದಲ್ಲಿ ವಾರ್ತೆ ಓದುವವಳಂಥ ದನಿ. "ನಿಮ್ಮ ಪಾದಗಳನ್ನು ಸದಾ ಒಣಗಿಸಿಡಿ. ಬೆರಳುಗಳ ನಡುವೆ ತೇವ ಇರದಂತೆ ನೋಡಿಕೊಳ್ಳಿ." ಆ ಹೊತ್ತಿಗೆ ಇವರು ಮೋರಿಯಲ್ಲಿ ಬಗ್ಗಿ ಇಡ್ಲಿ ತಟ್ಟೆ ಉಜ್ಜುತ್ತಿರುತ್ತಿದ್ದರು. ಮೀನಖಂಡದವರೆಗೆ ಎಂಜಲು ನೀರು. ಕಿಂಡಿಯ ಆಚೆ ಭಟ್ಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವರೂ ನಗುತ್ತಿದ್ದರು. ನಾನು ನಗಲಿಲ್ಲ. ಇನ್ನೇನು ಆಗದಿದ್ದರೂ ಚಪ್ಪಲಿಯಾದರೂ ಆಗಲಿ ಎಂದು ಆ ವಾರವೇ ಅಂಗಡಿಗೆ ಹೋದೆ. ಸುಬ್ರಾಯನದ್ದರ ಹಾಗೆಯೇ ಬೆಲ್ಟಿನದ್ದು, ಮೆತ್ತನೆಯದ್ದು, ಇವರ ಅಳತೆಗೆ ಒಂದು ಜೊತೆ ತಂದೆ. ಪೆಟ್ಟಿಗೆ ಬಿಚ್ಚಲಿಲ್ಲ. ಗಿರಾಕಿಗಳು ಕಡಿಮೆ ಇರುವ ಹೊತ್ತು ನೋಡಿ ಗಲ್ಲಾದ ಮುಂದೆ ನಿಂತೆ.

"ಧಣಿ, ಇದು ಹೊಸತು. ನೆಲ ಮುಟ್ಟಿಲ್ಲ. ನಿಮ್ಮದರ ಹಾಗೆ ಒಳಗೇ ಇಡುವ. ಮೋರಿಯಲ್ಲಿ ನಿಲ್ಲುವಾಗ ಮಾತ್ರ ಇವರು ಹಾಕಿಕೊಳ್ಳಲಿ. ಹೊರಗೆ ತಗೊಂಡು ಹೋಗ್ಲಿಕ್ಕೇ ಇಲ್ಲ."

ಸುಬ್ರಾಯ ಪೆಟ್ಟಿಗೆಯ ಮುಚ್ಚಳವನ್ನು ಪೆನ್ನಿನ ತುದಿಯಿಂದ ಎತ್ತಿ ನೋಡಿದ. ಕೈಯಿಂದ ಮುಟ್ಟಲಿಲ್ಲ.

"ಚಪ್ಪಲಿ ಹೊಸತೇ ರತ್ನ. ಇಲ್ಲ ಅಂತ ನಾನು ಹೇಳುದಿಲ್ಲ. ಕಾಲು ಯಾರದ್ದು?"

ಸಿಟ್ಟಿನಿಂದ ಹೇಳಲಿಲ್ಲ. ಮಗುವಿಗೆ ಬುದ್ಧಿ ಹೇಳುವ ಹಾಗೆ ಮೆಲ್ಲಗೆ ಹೇಳಿದ. "ಬೇಸರ ಮಾಡ್ಬೇಡ. ಊರಿನ ಕ್ರಮ ನಿಂಗೆ ಗೊತ್ತಿಲ್ಲದ್ದಾ? ಅದಕ್ಕೇ ಅಲ್ವಾ ಪ್ರಣಮ್ಯಾ ಆ್ಯಪ್ ಹಾಕಿ ಕೊಟ್ಟದ್ದು. ಅದು ನೋಡಿಕೊಳ್ತದೆ." ಎಂದವನು ಬಿಲ್ಲು ಹಿಡಿದುಕೊಂಡು ಬಂದ ಗಿರಾಕಿಯ ಕಡೆ ತಿರುಗಿದ.

ನನ್ನ ಬಾಯಿಗೆ ಕಹಿನೀರು ಬಂತು. ಉಗಿಯಬೇಕಿತ್ತು. ನುಂಗಿಕೊಂಡೆ. ಪೆಟ್ಟಿಗೆಯನ್ನು ತಂದು ಮಂಚದ ಕೆಳಗೆ ತಳ್ಳಿದೆ. ಅಳತೆ ತಪ್ಪಿದ್ದು ತಂದೆ ಎಂದು ಇವರಿಗೆ ಸುಳ್ಳು ಹೇಳಿದೆ.

ನವರಾತ್ರಿಗೆ ನಾಲ್ಕು ದಿನ ಇರುವಾಗ ಹೆಬ್ಬೆರಳಿನ ಅಡಿಯಲ್ಲಿ ಒಂದು ಕಪ್ಪು ಚುಕ್ಕಿ ಕಂಡಿತು. ಸಾಸಿವೆಯಷ್ಟು. ಸುತ್ತಲಿನ ಚರ್ಮ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿತ್ತು. ಫೋಟೋ ತೆಗೆದೆ. ಹಸಿರು. ಮತ್ತೆ ತೆಗೆದೆ, ಬೆಳಕಿಗೆ ಹಿಡಿದು. ಹಸಿರು. ಆದರೂ ಮನಸ್ಸು ಕೇಳಲಿಲ್ಲ. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಒಂದು ದಿನ ರಜೆ ಕೊಡಿ ಎಂದು ಕೇಳಿದೆ.

ಸುಬ್ರಾಯ ನನ್ನ ಮೊಬೈಲು ಇಸಿದುಕೊಂಡು ನೋಡಿದ. ಫೋನು ಮುಟ್ಟಲು ಅವನಿಗೆ ಅಡ್ಡಿಯಿರಲಿಲ್ಲ. "ಹಸಿರು ಉಂಟಲ್ಲ ಮಾರಾಯ್ತಿ! ಇದ್ರೊಳಗೆ ಇರುದು ದೊಡ್ಡ ದೊಡ್ಡ ಡಾಕ್ಟ್ರುಗಳ ತಲೆ. ನಿಂಗೆ ಅವರಿಗಿಂತ ಜಾಸ್ತಿ ಗೊತ್ತುಂಟಾ? ನವರಾತ್ರಿ ಮುಗೀಲಿ. ಪಾತ್ರೆ ತೊಳೀಲಿಕ್ಕೆ ಈಗ ಎಲ್ಲಿಂದ ಜನ ತರುದು ನಾನು?"

ವೀಕ್ಷಾ ತಿರುವೊಟ್ಟಿಯೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಶಾಲೆಯೆಲ್ಲ ತಮಿಳಿನಲ್ಲಿ ಆಗಿ, ನಾನು ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುವವಳು. ಫೋಟೋ ಬೇಡ, ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಫೋನಿನಲ್ಲಿ ಕಿರುಚಿದಳು. "ಅಮ್ಮಾ, ಫೋಟೋ ವೇಂಡಾಂ! ಅಪ್ಪಾವ ಆಸ್ಪತ್ರಿಕ್ಕು ಕೂಟ್ಟಿಟ್ಟು ಪೋ!"

ನಾನು ಹೋಗಲಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಕೆಲಸ, ಕೋಣೆ ಎಂಬ ಹೆದರಿಕೆ ಒಂದು. ಇನ್ನೊಂದು, ಆ ಹಸಿರನ್ನು ನಾನೂ ನಂಬಿದೆ. ಏಳನೇ ಕ್ಲಾಸು ಓದಿದವಳ ಕಣ್ಣಿಗಿಂತ ಅದರ ಕಣ್ಣು ದೊಡ್ಡದು ಅಂದುಕೊಂಡೆ. ಒಂಬತ್ತು ದಿನ ಫೋಟೋ ತೆಗೆದೆ. ಒಂಬತ್ತು ದಿನವೂ ಹಸಿರು.

ಹತ್ತನೇ ದಿನ ಬೆಳಿಗ್ಗೆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ನಾತ ಬಂತು. ಮೋರಿಯ ನಾತ ನನಗೆ ಗೊತ್ತು. ಇದು ಅದಲ್ಲ. ಸತ್ತ ಇಲಿಯ ನಾತ. ಬೆರಳಿನ ಅಡಿಯನ್ನು ಒತ್ತಿದೆ. ಹಳದಿ ಕೀವು ಬಂತು. ಕೀವಿನ ಜೊತೆ ಏನೋ ಮಿನುಗಿತು. ಉಗುರಿನಲ್ಲಿ ಹಿಡಿದು ಎಳೆದೆ. ಸುರುಳಿ ಸುರುಳಿಯಾಗಿ, ಅರ್ಧ ಗೇಣು ಬಂತು. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರಿನ ಎಳೆ. ಮೋರಿಯಲ್ಲಿ ಚುಚ್ಚಿ, ಒಳಗೆ ಸೇರಿ, ಅಷ್ಟು ದಿನ ಅಲ್ಲೇ ಕೂತಿತ್ತು. ಇವರಿಗೆ ಏನೂ ಗೊತ್ತಾಗಲಿಲ್ಲ.

"ಅಯ್ಯೋ, ನಮ್ಮ ಸ್ಕ್ರಬ್ಬರೇ ಅಲ್ವಾ" ಎಂದು ನಕ್ಕರು. ನಾನು ಹೊರಗೆ ಓಡಿ ವಾಂತಿ ಮಾಡಿದೆ.

ಅವತ್ತು ಆ್ಯಪ್ ಹಳದಿ ತೋರಿಸಿತು. ಮರುದಿನ ಜ್ವರ ಬಂತು, ಪಾದ ಊದಿತು. ಆಗ ಕೆಂಪು ತೋರಿಸಿ "ಕೂಡಲೇ ವೈದ್ಯರನ್ನು ಭೇಟಿಯಾಗಿ" ಎಂದಿತು. ಫೋನು ಹಿಡಿದು ಗಲ್ಲಾಕ್ಕೆ ಓಡಿದೆ. ಸುಬ್ರಾಯ ನೋಡಿದ. "ಕೆಂಪು ಬಂತಲ್ಲ, ಹಾಗಾದ್ರೆ ಹೋಗ್ಲೇಬೇಕು. ಮಧ್ಯಾಹ್ನದ ಊಟ ಒಂದು ಮುಗೀಲಿ" ಎಂದ. ಜ್ವರದ ಮೈಯಲ್ಲಿ ಇವರು ಮೂರು ಗಂಟೆಯವರೆಗೆ ಆ ನೀರಿನಲ್ಲಿ ನಿಂತರು. ಮೂರಕ್ಕೆ ಆಟೋ ಹತ್ತಿಸಿದೆ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮೂಗು ಮುಚ್ಚಿಕೊಳ್ಳದೆ ಕಾಲನ್ನು ಕೈಯಲ್ಲಿ ಎತ್ತಿ ನೋಡಿದವಳು ಅವಳೊಬ್ಬಳೇ. ನಾನು ಮೊಬೈಲು ಮುಂದೆ ಹಿಡಿದೆ. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು. ಇವರು ಕೆಲಸ ಮಾಡುವಾಗ ಎಲ್ಲಿ ನಿಲ್ಲುತ್ತಾರೆ ಎಂದು ತಮಿಳಿನಲ್ಲಿ ಕೇಳಿದಳು. ಆ ಪ್ರಶ್ನೆಯನ್ನು ಯಾರಾದರೂ ನಮಗೆ ಕೇಳಿದ್ದು ಅವತ್ತೇ ಮೊದಲು. ಹೇಳಿದೆ.

"ಚೆರುಪ್ಪು?"

"ಉಳ್ಳೆ ಪೋಡಕ್ಕೂಡಾದು ಡಾಕ್ಟರ್. ಸಾಮಿ ಇರುಕ್ಕು." ಒಳಗೆ ಚಪ್ಪಲಿ ಹಾಕುವ ಹಾಗಿಲ್ಲ, ದೇವರಿದ್ದಾನೆ ಎಂದೆ. ಅವಳು ತಲೆ ತಗ್ಗಿಸಿ ಚೀಟಿ ಬರೆದಳು. ಎರಡು ಬೆರಳು ಹೋದವು.

ಮೂರನೇ ದಿನ ಪ್ರಣಮ್ಯಾ ವಾರ್ಡಿಗೆ ಬಂದಳು. ಸಕ್ಕರೆ ಇಲ್ಲದ ಬಿಸ್ಕಿಟ್ ತಂದಿದ್ದಳು. ಕಣ್ಣಲ್ಲಿ ನೀರು ತಂದುಕೊಂಡಳು. ಅದು ಸುಳ್ಳು ನೀರಲ್ಲ, ಅಷ್ಟು ನಾನು ಹೇಳಬಲ್ಲೆ. ಕಣ್ಣು ಒರೆಸಿಕೊಂಡ ಮೇಲೆ ಹೇಳಿದಳು.

"ರತ್ನಕ್ಕ, ಫೋಟೋ ಮಾತ್ರ ನಿಲ್ಲಿಸಬೇಡಿ. ಡ್ರೆಸ್ಸಿಂಗ್ ಬಿಚ್ಚುವಾಗ ದಿನಾ ತೆಗೀರಿ. ನಿಮ್ಮ ಫೋಟೋಗಳು ನಮಗೆ ತುಂಬಾ ವ್ಯಾಲ್ಯುಬಲ್. ನಮ್ಮ ಡೇಟಾದಲ್ಲಿ ಇದ್ದದ್ದೆಲ್ಲ ಒಣಗಿದ, ಬಿಳೀ ಕಾಲುಗಳು. ಇಷ್ಟು ಕಪ್ಪು, ಇಷ್ಟು ನೆನೆದ ಕಾಲು ಇರ್ಲೇ ಇಲ್ಲ. ಅದಕ್ಕೇ ಫಸ್ಟ್ ಹಸಿರು ತೋರ್ಸಿದ್ದು. ಈಗ ಅದು ಕಲೀತಾ ಇದೆ."

ಕಲಿಯುತ್ತಿದೆಯಂತೆ. ಸ್ಲೇಟಿನ ಬದಲು ನನ್ನ ಗಂಡನ ಕಾಲು. ಆದರೂ ನಾನು ತೆಗೆದೆ. ಬ್ಯಾಂಡೇಜು ಬಿಚ್ಚಿದಾಗಲೆಲ್ಲ, ಕೀವಿನ ಹತ್ತಿ ಪಕ್ಕಕ್ಕೆ ಇಟ್ಟು, ಮೂರು ಮೂರು ಫೋಟೋ ತೆಗೆದು ಕಳಿಸಿದೆ. ಕೋಣೆ ಇನ್ನೂ ಅವರದ್ದಲ್ಲವಾ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಡಿಸೆಂಬರಿನಲ್ಲಿ ಸುಬ್ರಾಯ ಇಬ್ಬರನ್ನೂ ಕರೆಸಿದ. ಹೋಟೆಲಿನ ಮಹಡಿಯ ಏಸಿ ಹಾಲಿನಲ್ಲಿ ಆ್ಯಪ್‌ನ ಬಿಡುಗಡೆ ಇಟ್ಟುಕೊಂಡಿದ್ದಾರೆ. ಕಂಪನಿಗೆ ಹಣ ಹಾಕುವವರು, ಖಾಸಗಿ ಆಸ್ಪತ್ರೆಯ ಡಾಕ್ಟರುಗಳು ಬರುತ್ತಾರೆ. ಸಂಜೀವ ವೇದಿಕೆಯ ಮೇಲೆ ಕೂರಬೇಕು. ಕಾಲನ್ನು ಸ್ಟೂಲಿನ ಮೇಲೆ ಇಡಬೇಕು. ನಾನು ದಿನಾ ತೆಗೆದ ಹಾಗೆ ಎಲ್ಲರೆದುರು ಫೋಟೋ ತೆಗೆಯಬೇಕು. ದೊಡ್ಡ ಪರದೆಯ ಮೇಲೆ ಅದು ಕಾಣುತ್ತದೆ.

"ಎರಡೇ ಬೆರಳಿಗೆ ಹೋಯ್ತು, ಕಾಲು ಉಳೀತು. ಅದು ಆ್ಯಪ್ ಕೆಂಪು ತೋರ್ಸಿದ್ದಕ್ಕೇ ಅಲ್ವಾ?" ಎಂದ ಸುಬ್ರಾಯ. "ಪ್ರೋಗ್ರಾಂ ಒಂದು ಚೆಂದ ಆಗ್ಲಿ. ಮತ್ತೆ ಸಂಜೀವನಿಗೆ ಮೋರಿ ಬೇಡ. ಜಗಲಿಯಲ್ಲಿ ಕೂತು ಕೊತ್ತಂಬರಿ ಬಿಡಿಸ್ಲಿ. ಕೋಣೆಯೂ ಇರ್ಲಿ."

ಆಗದಿದ್ದರೆ ಏನು ಎಂದು ಅವನು ಹೇಳಲಿಲ್ಲ. ಮತ್ತೆ ಮೋರಿಗೆ ಇಳಿದರೆ ಉಳಿದ ಕಾಲೂ ಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಳು. ಕೂತು ಮಾಡುವ ಕೆಲಸ ಸಿಕ್ಕರೆ ಕಾಲು ಉಳಿಯುತ್ತದೆ. ನಾನು ಹೂಂ ಎಂದೆ. ಇವರು ನಗಲಿಲ್ಲ. ಬೆರಳು ಹೋದ ಮೇಲೆ ಇವರ ನಗು ನಿಂತಿತ್ತು.

ಬಿಡುಗಡೆಯ ದಿನ ಇವರಿಗೆ ಹೊಸ ಪಂಚೆ, ಹೊಸ ಶರಟು ಕೊಟ್ಟರು. ಚಪ್ಪಲಿ ಕೊಡಲಿಲ್ಲ, ಕಾಲು ಕಾಣಬೇಕಲ್ಲ. ಇವರನ್ನು ಇಬ್ಬರು ಹಿಡಿದು ಮಹಡಿಗೆ ಕರೆದುಕೊಂಡು ಹೋದರು. ಕರೆದಾಗ ಬಾ ಎಂದು ನನಗೆ ಹೇಳಿ ಹೋದರು. ನಾನು ಜಗಲಿಯಲ್ಲಿ ಬಂದವರ ಊಟಕ್ಕೆ ಬೀನ್ಸು ಹೆಚ್ಚುತ್ತಾ ಕೂತೆ.

ಆಗ ಕಿಂಡಿಯ ಆಚೆಯಿಂದ ಇಂಗ್ಲಿಷ್ ಮಾತು ಕೇಳಿಸಿತು. ಎದ್ದು ಬಗ್ಗಿ ನೋಡಿದೆ. ಊಟದ ಹಾಲಿನ ಕಡೆಯ ಬಾಗಿಲಿನಿಂದ ಏಳೆಂಟು ಜನ ಅಡುಗೆಕೋಣೆಗೆ ಬರುತ್ತಿದ್ದರು. ಹಣ ಹಾಕುವವರು, ಡಾಕ್ಟರುಗಳು. ಹಳೇ ಕಾಲದ ಉಡುಪಿ ಅಡುಗೆಮನೆ ತೋರಿಸುವುದಕ್ಕೆ ಪ್ರಣಮ್ಯಾಳ ಗಂಡ ಪ್ರವೀಣ್ ಕರೆತಂದಿದ್ದ. ಹೊರಗೆ ಮಳೆ ಬಂದು ಬೀದಿಯಲ್ಲೆಲ್ಲ ರಾಡಿ ನೀರು. ಒಬ್ಬ ಬಾಗಿಲಿನಲ್ಲಿ ನಿಂತು ತನ್ನ ಷೂ ಕಡೆ ಬೊಟ್ಟು ಮಾಡಿ ಏನೋ ಕೇಳಿದ. ಬಿಚ್ಚಬೇಕಾ ಎಂದಿರಬೇಕು.

ಸುಬ್ರಾಯ ಎರಡು ಕೈಯನ್ನೂ ಆಡಿಸಿದ. "ನೋ ನೋ ಸರ್! ಪರವಾಗಿಲ್ಲ. ಹಾಗೇ ಬನ್ನಿ, ಹಾಗೇ ಬನ್ನಿ."

ಹಾಗೇ ಬಂದರು. ಅಡ್ಯಾರಿನ ಬೀದಿಯ ಕೊಚ್ಚೆ ಮೆಟ್ಟಿದ ಷೂಗಳು ಒಲೆಯ ಹತ್ತಿರ ಹೋದವು, ರುಬ್ಬುವ ಕಲ್ಲಿನ ಹತ್ತಿರ ಹೋದವು, ದೀಪದ ಎದುರು ಸಾಲಾಗಿ ನಿಂತವು. ಫೋಟೋ ತೆಗೆಸಿಕೊಂಡರು. ಭಟ್ಟರು ಸೌಟು ಹಿಡಿದು ಹಲ್ಲು ಬಿಟ್ಟರು. ದೀಪ ಆರಲಿಲ್ಲ. ಯಾರೂ ಒಂದು ಲೋಟ ನೀರನ್ನೂ ಚಿಮುಕಿಸಲಿಲ್ಲ.

ಅಷ್ಟೂ ವರ್ಷ ನುಂಗಿದ್ದು ಗಂಟಲಿಗೆ ಬಂತು. ಕತ್ತಿ ಕೆಳಗಿಟ್ಟೆ. ಕೋಣೆಗೆ ಹೋಗಿ ಮಂಚದ ಕೆಳಗಿನ ಪೆಟ್ಟಿಗೆ ಎಳೆದೆ. ಧೂಳು ಕೊಡವಿ ಕಂಕುಳಲ್ಲಿ ಇಟ್ಟುಕೊಂಡೆ. ಅಷ್ಟರಲ್ಲಿ ಮೇಲೆ ಬಾ ಎಂದು ಕರೆ ಬಂತು.

ಹಾಲಿನಲ್ಲಿ ತಂಪು, ಅತ್ತರಿನ ಪರಿಮಳ. ವೇದಿಕೆಯ ಮೇಲೆ ಇವರು ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ಕೆಂಪು ಬಟ್ಟೆ ಹೊದಿಸಿದ ಸ್ಟೂಲು. ಅದರ ಮೇಲೆ ಎರಡು ಬೆರಳಿಲ್ಲದ ಕಾಲು. ಎಲ್ಲರ ಕಣ್ಣು ಅದರ ಮೇಲೆ. ಇವರು ಮಾತ್ರ ನೆಲ ನೋಡುತ್ತಿದ್ದರು. ಪ್ರಣಮ್ಯಾ ನನ್ನ ಮೊಬೈಲಿಗೆ ವೈರು ಚುಚ್ಚಿ, ಆ್ಯಪ್ ತೆರೆದು ನನ್ನ ಕೈಗೆ ಕೊಟ್ಟಳು. "ಇವರು ನಮ್ಮ ರತ್ನಕ್ಕ" ಎಂದು ಮೈಕಿನಲ್ಲಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪರದೆಯ ಮೇಲೆ ಕಾಲು ಕಾಣಿಸಿತು, ಗೋಡೆಯಷ್ಟು ದೊಡ್ಡದಾಗಿ. ಮುಂದಿನ ಸಾಲಿನಲ್ಲಿ ಒಬ್ಬ ಮುಖ ಕಿವುಚಿ, ಬೇಗ ಸರಿ ಮಾಡಿಕೊಂಡ.

ನಾನು ಮೊಬೈಲನ್ನು ಸ್ಟೂಲಿನ ಮೇಲೆ ಬೋರಲು ಇಟ್ಟೆ. ಪರದೆ ಕಪ್ಪಾಯಿತು.

"ಪಾದ ಕಾಣಿಸುತ್ತಿಲ್ಲ" ಎಂದಿತು ಆ್ಯಪ್, ಹಾಲಿನ ಸ್ಪೀಕರಿನಲ್ಲಿ. "ದಯವಿಟ್ಟು ಪಾದವನ್ನು ಚೌಕಟ್ಟಿನೊಳಗೆ ಇಡಿ."

"ರತ್ನಕ್ಕ, ಉಲ್ಟಾ ಆಯ್ತು" ಎಂದು ಪ್ರಣಮ್ಯಾ ಕೈ ಚಾಚಿದಳು.

ನಾನು ನೆಲದ ಮೇಲೆ ಕೂತೆ. ಪೆಟ್ಟಿಗೆ ಬಿಚ್ಚಿದೆ. ಇವರ ಕಾಲನ್ನು ಸ್ಟೂಲಿನಿಂದ ಇಳಿಸಿ ಚಪ್ಪಲಿಗೆ ತೂರಿಸಿದೆ. ಬೆಲ್ಟು ಎಳೆದು ಅಂಟಿಸಿದೆ. ಇನ್ನೊಂದು ಕಾಲಿಗೂ ಹಾಕಿದೆ.

ಸುಬ್ರಾಯ ಮುಂದಿನ ಸಾಲಿನಿಂದ ಎದ್ದ. "ಎಂತ ಮಾಡ್ತೀಯಾ ರತ್ನ? ಚಪ್ಪಲಿ ತೆಗಿ. ಎಲ್ಲರೂ ಕಾಲು ನೋಡ್ಲಿಕ್ಕೆ ಕಾಯ್ತಾ ಇದ್ದಾರೆ."

"ಕಾಲು ಯಾರದ್ದು?" ಎಂದೆ.

ಅವನಿಗೆ ನೆನಪಾಯಿತು. ಮುಖದಲ್ಲಿ ಕಂಡೆ.

"ಹೇಳು ಸುಬ್ರಾಯ, ಕಾಲು ಯಾರದ್ದು? ಅಡುಗೆಮನೆಗೆ ಆಗದ ಕಾಲು ಪರದೆಗೆ ಹೇಗೆ ಆಯ್ತು? ಮೋರಿಯಲ್ಲಿ ಚಪ್ಪಲಿ ಹಾಕಿದ್ರೆ ದೇವರಿಗೆ ಮೈಲಿಗೆ. ಇವರೆಲ್ಲ ಕೊಚ್ಚೆ ಷೂ ಹಾಕಿ ದೀಪದ ಎದುರು ನಿಂತ್ರಲ್ಲ, ಆಗ ದೇವರು ಎಲ್ಲಿಗೆ ಹೋಗಿದ್ದ? ರಜೆಗೆ ಹೋಗಿದ್ನಾ? ನಮಗೆ ಒಂದು ದಿನ ಸಿಗ್ಲಿಲ್ಲ ರಜೆ!"

ಬಂದವರಿಗೆ ಅರ್ಥವಾಗಿರಲಿಲ್ಲ. ಅವರ ಕಡೆ ತಿರುಗಿ ತಮಿಳಿನಲ್ಲಿ ಹೇಳಿದೆ. "ಇವರ್ ಚೆರುಪ್ಪು ಉಳ್ಳೆ ವರಕ್ಕೂಡಾದು. ಉಂಗ ಷೂ ವರಲಾಮಾ?" ಇವರ ಚಪ್ಪಲಿ ಒಳಗೆ ಬರುವ ಹಾಗಿಲ್ಲ, ನಿಮ್ಮ ಷೂ ಬರಬಹುದಾ? ಒಬ್ಬಿಬ್ಬರು ತಮ್ಮ ಕಾಲಿನ ಕಡೆ ನೋಡಿಕೊಂಡರು.

ಪ್ರಣಮ್ಯಾ ಮೈಕು ಕೆಳಗೆ ಹಿಡಿದು ಪಿಸುಗುಟ್ಟಿದಳು. "ರತ್ನಕ್ಕ, ಪ್ಲೀಸ್. ಇದ್ರಿಂದ ಎಷ್ಟೋ ಜನರ ಕಾಲು ಉಳೀತದೆ."

"ಉಳೀಲಿ ಅಮ್ಮ. ಒಂದು ಕೆಲಸ ಮಾಡಿ. ಕೆಳಗೆ ಬನ್ನಿ. ನಿಮ್ಮ ಕಾಲು ಬಿಳಿ ಉಂಟು, ಒಣಗಿ ಉಂಟು. ಬೆಳಿಗ್ಗೆ ಐದರಿಂದ ಮೂರರವರೆಗೆ ಆ ಮೋರಿಯಲ್ಲಿ ನಿಲ್ಲಿ. ಫೋಟೋ ನಾನು ತೆಗೀತೇನೆ. ಯಾವ ಬಣ್ಣ ಬರ್ತದೆ ನೋಡುವ."

ಮೊಬೈಲಿನ ವೈರು ಕಿತ್ತೆ. "ಏಳಿ" ಎಂದು ಇವರಿಗೆ ಹೇಳಿದೆ.

ಇವರು ಒಂದು ಕ್ಷಣ ಸುಬ್ರಾಯನ ಕಡೆ ನೋಡಿದರು. ಹತ್ತೊಂಬತ್ತು ವರ್ಷದ ಅಭ್ಯಾಸ. ಆಮೇಲೆ ನನ್ನ ಹೆಗಲು ಹಿಡಿದು ಎದ್ದರು. ನಿಧಾನವಾಗಿ ಮೆಟ್ಟಿಲು ಇಳಿದೆವು. ಹಿಂದಿನಿಂದ ಸುಬ್ರಾಯ ಬಂದ. ಕೋಣೆ ಇವತ್ತೇ ಖಾಲಿ ಆಗಬೇಕು ಎಂದು ಕೂಗಿದ. ಬಂದವರಿಗೆ ಕೇಳಬಾರದು ಎಂದು ಮೆಲ್ಲಗೆ ಕೂಗಿದ. ಹಾಗೆ ಕೂಗುವುದನ್ನು ನಾನು ಮೊದಲ ಸಲ ಕೇಳಿದೆ.

ಮೆಟ್ಟಿಲು ಇಳಿದರೆ ಎಡಕ್ಕೆ ಬೀದಿಯ ಬಾಗಿಲು. ಬಲಕ್ಕೆ ಅಡುಗೆಕೋಣೆ. ನಮ್ಮ ಕೋಣೆಗೆ ಹೋಗಿ ಬಟ್ಟೆ ತೆಗೆದುಕೊಳ್ಳಬೇಕು. ಬೀದಿಯಿಂದ ಸುತ್ತಿಕೊಂಡು ಹೋಗಬಹುದಿತ್ತು, ದಿನಾ ಹೋಗುವುದು ಹಾಗೆಯೇ. ನಾನು ಎಡಕ್ಕೆ ತಿರುಗಿದೆ. ಇವರು ನನ್ನ ಹೆಗಲು ಬಿಡಲಿಲ್ಲ. ಬಲಕ್ಕೆ ಎಳೆದರು.

"ಹೀಗೆ ಹೋಗುವ" ಎಂದರು.

ಚಪ್ಪಲಿ ಕಾಲಿನಲ್ಲೇ ಹೊಸ್ತಿಲು ದಾಟಿದರು. ಸೌಟು ಹಿಡಿದ ಭಟ್ಟರು ಗೋಡೆಗೆ ಒತ್ತಿಕೊಂಡು ನಿಂತರು. ಇವರು ಯಾರನ್ನೂ ನೋಡಲಿಲ್ಲ. ಕೋಣೆಯ ನಡುವೆ ನಿಂತು ಸುತ್ತ ನೋಡಿದರು. ಒಲೆಯ ಹಿಂದಿನ ಗೋಡೆಯಲ್ಲಿ ಬೆರಳು ದಪ್ಪದ ಕರಿ ಜಿಡ್ಡು. ಕಲ್ಲಿನ ಸಂದಿಯಲ್ಲಿ ಹಳೇ ಹಿಟ್ಟು ಬೂಸ್ಟು ಹಿಡಿದಿತ್ತು. ನೆಲದಲ್ಲಿ ಬಂದವರ ಷೂಗಳ ಕೆಸರು. ದೀಪದ ಹಿಂದೆ, ದೇವರ ಪಟದ ಚೌಕಟ್ಟಿನಲ್ಲಿ, ಜಿರಲೆಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಹತ್ತೊಂಬತ್ತು ವರ್ಷ ಆ ಕೋಣೆಯ ಪಾತ್ರೆಗಳನ್ನು ಕನ್ನಡಿಯ ಹಾಗೆ ಉಜ್ಜಿ ಕಿಂಡಿಯಲ್ಲಿ ಇಟ್ಟವರು ಅದನ್ನು ಮೊದಲ ಸಲ ನೋಡುತ್ತಿದ್ದರು.

"ಥೂ!" ಎಂದರು. "ಎಂತ ಗಲೀಜು ಮಾರಾಯ್ತಿ ಇದು! ಇದರೊಳಗೆ ಬರಿಗಾಲು ಹಾಕ್ಲಿಕ್ಕೆ ಆಗ್ತದಾ?"

ಚಪ್ಪಲಿಯ ಬೆಲ್ಟನ್ನು ಬಗ್ಗಿ ಇನ್ನೊಮ್ಮೆ ಬಿಗಿ ಮಾಡಿಕೊಂಡರು. ನನ್ನ ಹೆಗಲ ಮೇಲಿನ ಕೈ ತೆಗೆದು, ತಾವೇ ಮುಂದಾಗಿ, ದೀಪದ ಎದುರಿನಿಂದ ನಡೆದು ಹೋದರು.